ನಲವತ್ತು ಲೀಟರಿಗೆ ಒಂದು ಲೀಟರು

ನಮ್ಮ ದೊಡ್ಡಪ್ಪನ ಮಗ ಅಮೆರಿಕದ ವರ್ಮಾಂಟ್‌ನಲ್ಲಿದ್ದಾನೆ. ವಾರವಿಡೀ ಸಾಫ್ಟ್‌ವೇರ್ ಕೆಲಸ. ಮಾರ್ಚ್ ಬಂತೆಂದರೆ ಶನಿವಾರ-ಭಾನುವಾರ ಫೋನಿಗೆ ಸಿಗೋದೇ ಇಲ್ಲ. ಹಿತ್ತಿಲಿನ ನಾಲ್ಕು ಮೇಪಲ್ ಮರಗಳಿಗೆ ತೂತು ಕೊರೆದು, ಸಣ್ಣ ನಳಿಗೆ ಸಿಕ್ಕಿಸಿ, ಬಕೆಟ್ ನೇತುಹಾಕಿರುತ್ತಾನೆ. ಹನಿಹನಿಯಾಗಿ ತುಂಬಿದ ರಸವನ್ನು ಅಂಗಳದಲ್ಲಿ ಒಲೆ ಹೂಡಿ ಬೆಳಗಿನಿಂದ ರಾತ್ರಿವರೆಗೆ ಕುದಿಸುತ್ತಾನೆ. ಮೊದಲ ವರ್ಷ ಅಡುಗೆಮನೆಯಲ್ಲೇ ಕುದಿಸಲು ಹೋಗಿದ್ದನಂತೆ. ಹಬೆಗೆ ಗೋಡೆಗೆ ಅಂಟಿಸಿದ್ದ ಕಾಗದ ಕಿತ್ತುಬಂದು, ಅತ್ತಿಗೆ ಅವನನ್ನೂ ಪಾತ್ರೆಯನ್ನೂ ಒಟ್ಟಿಗೇ ಹೊರಗೆ ಕಳಿಸಿದರು.

"ಅಂಗಡೀಲಿ ಸಿಗಲ್ವಾ ಅಣ್ಣ?" ಅಂತ ಕೇಳಿದ್ದೆ. "ಸಿಗುತ್ತೆ. ನಾನು ಸುಡೋ ಸೌದೆ ಲೆಕ್ಕ ಹಾಕಿದ್ರೆ ಅಂಗಡೀದೇ ಅಗ್ಗ" ಅಂತ ನಕ್ಕ.

ಅವನ ಲೆಕ್ಕ ಹೀಗಿದೆ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇದ್ದರೆ ಮಾತ್ರ ಮರದಿಂದ ರಸ ಇಳಿಯುತ್ತೆ. ಇಂಥ ದಿನಗಳು ವರ್ಷಕ್ಕೆ ನಾಲ್ಕರಿಂದ ಆರು ವಾರ ಸಿಕ್ಕರೆ ಹೆಚ್ಚು. ರಸ ನೋಡೋಕೆ ನೀರು, ಬಾಯಿಗೆ ಹಾಕಿದರೂ ಬಹುಪಾಲು ನೀರೇ. ಅದರಲ್ಲಿ ಸಕ್ಕರೆ ಶೇಕಡಾ 2ರ ಆಸುಪಾಸು. ನಮ್ಮ ಆಲೆಮನೆಯ ಕಬ್ಬಿನ ಹಾಲಿನಲ್ಲಿ ಇದರ ಏಳೆಂಟು ಪಟ್ಟು ಸಿಹಿ ಇರುತ್ತೆ. ಹಾಗಾಗಿ 40 ಲೀಟರ್ ರಸ ಕುದಿಸಿದರೆ ಸಿಗೋದು ಒಂದು ಲೀಟರ್ ಸಿರಪ್. ನೀರು ಕುದಿಯುವುದಕ್ಕಿಂತ ಸುಮಾರು 4 ಡಿಗ್ರಿ ಮೇಲೆ ಹೋದಾಗ ಪಾಕ ಬಂತು ಅಂತ ಅರ್ಥ. ನೋಡೋಕೆ ಥೇಟ್ ಮಲೆನಾಡಿನ ಜೋನಿಬೆಲ್ಲ, ಸ್ವಲ್ಪ ತೆಳು.

ಈ ನಷ್ಟದ ಲೆಕ್ಕದ ಮೇಲೆ ಒಂದು ಕಾಲದಲ್ಲಿ ಬಹಳ ದೊಡ್ಡ ಆಸೆ ಕಟ್ಟಿಕೊಂಡವರಿದ್ದರು. ಗುಲಾಮಗಿರಿಯನ್ನೇ ಇದರಿಂದ ಮುಗಿಸಬಹುದು ಅನ್ನುವಷ್ಟು ದೊಡ್ಡ ಆಸೆ.

ಮೇಪಲ್ ರಸದಿಂದ ಸಕ್ಕರೆ ತೆಗೆಯೋದನ್ನು ಕಂಡುಕೊಂಡವರು ಯುರೋಪಿನಿಂದ ಬಂದವರಲ್ಲ. ಅನಿಷಿನಾಬೆ, ಅಬೆನಾಕಿ ಮುಂತಾದ ಮೂಲನಿವಾಸಿ ಜನ ಅವರಿಗಿಂತ ಮೊದಲೇ ಇದನ್ನು ಬಲ್ಲವರಾಗಿದ್ದರು. ಅನಿಷಿನಾಬೆ ಕುಟುಂಬಗಳು ಚಳಿಗಾಲ ಮುಗಿಯುತ್ತಲೇ ತಮ್ಮ ತಮ್ಮ ಮೇಪಲ್ ತೋಪಿಗೆ ಹೋಗಿ ಬಿಡಾರ ಹೂಡುತ್ತಿದ್ದವು. ಅಲ್ಲಿ ಯಜಮಾನಿಕೆ ಹೆಂಗಸರದು. ಆಗ ಮಾಡುತ್ತಿದ್ದದ್ದು ಸಿರಪ್ ಅಲ್ಲ, ಗಟ್ಟಿ ಸಕ್ಕರೆ. ಬರ್ಚ್ ಮರದ ತೊಗಟೆಯ ಡಬ್ಬಗಳಲ್ಲಿ ತುಂಬಿಟ್ಟು, ವರ್ಷವಿಡೀ ಮೀನು, ಮಾಂಸ, ಕಾಡಕ್ಕಿಗೆ ರುಚಿಗೆಂದು ಹಾಕಿಕೊಳ್ಳುತ್ತಿದ್ದರು. ಬಿಳಿಯರು ಕಲಿತದ್ದು ಇವರಿಂದ.

ಈಗ 1791ಕ್ಕೆ ಬರೋಣ. ಅಮೆರಿಕ ಸ್ವತಂತ್ರವಾಗಿ ಹೆಚ್ಚು ದಿನ ಆಗಿಲ್ಲ. ಟೀಗೆ ಬೇಕಾದ ಸಕ್ಕರೆ ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಫಿಲಡೆಲ್ಫಿಯಾದ ಡಾಕ್ಟರ್ ಬೆಂಜಮಿನ್ ರಶ್ ಆ ವರ್ಷದ ಜುಲೈನಲ್ಲಿ ಥಾಮಸ್ ಜೆಫರ್ಸನ್‌ಗೆ ಮೇಪಲ್ ಮರದ ಬಗ್ಗೆ ಒಂದು ಉದ್ದನೆಯ ಪತ್ರ ಬರೆದ. ಅವನ ವಾದದ ಸಾರ ಇಷ್ಟು: ನಮ್ಮ ಕಾಡಿನಲ್ಲೇ ಸಕ್ಕರೆ ಮರಗಳಿವೆ, ಹೊಲದ ಕೆಲಸ ಶುರುವಾಗುವ ಮೊದಲೇ ರಸ ಇಳಿಯುತ್ತೆ, ಒಂದೊಂದು ಕುಟುಂಬವೂ ತನ್ನ ಸಕ್ಕರೆ ತಾನೇ ಮಾಡಿಕೊಂಡು ಉಳಿದದ್ದನ್ನು ಮಾರಬಹುದು. ಹಾಗಾದರೆ ಗುಲಾಮರ ಬೆವರಿನ ಸಕ್ಕರೆ ಯಾರಿಗೆ ಬೇಕು?

ಪತ್ರ ಬರೆದ ಮರುತಿಂಗಳೇ ಕೆರಿಬಿಯನ್‌ನ ದೊಡ್ಡ ಸಕ್ಕರೆ ನಾಡಾಗಿದ್ದ ಸೇಂಟ್-ಡೊಮಿಂಗ್‌ನಲ್ಲಿ, ಅಂದರೆ ಇವತ್ತಿನ ಹೈಟಿಯಲ್ಲಿ, ಗುಲಾಮರು ದಂಗೆ ಎದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಸಾವಿರಾರು ಮನೆಗಳು ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟವು. ಮುಂದೆ ಅಲ್ಲಿ ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಅಂತ ಬರೆದ ಸಕ್ಕರೆ ಬಟ್ಟಲುಗಳೂ ಬಂದವು. ನಮ್ಮ ಕಡೆಯ ಸಕ್ಕರೆ ಅದು. ಕಂಪನಿ ಆಳ್ವಿಕೆಯಲ್ಲಿ ಅದನ್ನು ಬೆಳೆದ ರೈತ ಎಷ್ಟು ಸ್ವತಂತ್ರನಾಗಿದ್ದ ಅಂತ ಬಟ್ಟಲಿನ ಮೇಲೆ ಬರೆದಿರಲಿಲ್ಲ, ಬಿಡಿ.

ಜೆಫರ್ಸನ್‌ಗೂ ಮೇಪಲ್ ಹುಚ್ಚು ಹಿಡಿದಿತ್ತು. 1791ರಲ್ಲೇ ವರ್ಮಾಂಟ್‌ಗೆ ಹೋಗಿ ಬಂದ. ನ್ಯೂಯಾರ್ಕ್ ಹತ್ತಿರದ ಒಂದು ನರ್ಸರಿಯಿಂದ 60 ಸಸಿ ತರಿಸಿ ವರ್ಜೀನಿಯಾದ ತನ್ನ ಮಾಂಟಿಚೆಲ್ಲೊ ಎಸ್ಟೇಟಿನಲ್ಲಿ ನೆಡಿಸಿದ. ಆ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರು ಯಾರು? ಗುಲಾಮರು. ಬದುಕಿಡೀ ಲೆಕ್ಕ ಹಾಕಿದರೆ 600ಕ್ಕೂ ಹೆಚ್ಚು ಜನ ಅವನ ಸೊತ್ತಾಗಿದ್ದರು. ಗುಲಾಮರಿಲ್ಲದ ಸಕ್ಕರೆಯ ಮರಗಳು ಗುಲಾಮರ ಎಸ್ಟೇಟಿನಲ್ಲಿ! ಸಸಿಗಳಲ್ಲಿ ಹೆಚ್ಚಿನವು ಬದುಕಲಿಲ್ಲ. ವರ್ಜೀನಿಯಾದ ಹವೆ ಅವಕ್ಕೆ ಹಿಡಿಸುವಂಥದ್ದೂ ಅಲ್ಲ.

ಬೇರೆಯವರ ಕಥೆಯೂ ಅಷ್ಟೆ. ಕ್ವೇಕರ್ ವ್ಯಾಪಾರಿ ಹೆನ್ರಿ ಡ್ರಿಂಕರ್ ಮತ್ತು ಜಮೀನು ವ್ಯವಹಾರದ ವಿಲಿಯಂ ಕೂಪರ್ ಮೇಪಲ್ ಸಕ್ಕರೆಯನ್ನು ದೊಡ್ಡ ಉದ್ಯಮ ಮಾಡಲು ಹೊರಟು ಕೆಲವೇ ವರ್ಷಗಳಲ್ಲಿ ಕೈಚೆಲ್ಲಿದರು. ಕಾರಣ ಮರದಲ್ಲೇ ಇದೆ. ಕಬ್ಬು ನೆಟ್ಟರೆ ವರ್ಷ-ಒಂದೂವರೆ ವರ್ಷಕ್ಕೆ ಕೈಗೆ ಬರುತ್ತೆ. ಮೇಪಲ್ ತೂತು ಕೊರೆಯುವಷ್ಟು ದಪ್ಪವಾಗಲು ಸುಮಾರು 40 ವರ್ಷ ಬೇಕು. ಚಳಿ-ಬಿಸಿಲಿನ ಆಟ ತಪ್ಪಿದ ವರ್ಷ ರಸವೇ ಕಡಿಮೆ. ಇನ್ನು ಸೌದೆ, ಕೈ ಕೆಲಸ ಎರಡೂ ಬೇಕಾದಷ್ಟು. ಗುಲಾಮಗಿರಿ ಕೊನೆಗೊಂಡದ್ದು ಹೋರಾಟ, ಕಾನೂನು, ಯುದ್ಧಗಳಿಂದ, ಮೇಪಲ್‌ನಿಂದ ಅಲ್ಲ. 19ನೇ ಶತಮಾನದ ಕೊನೆಗೆ ಬಿಳಿ ಸಕ್ಕರೆ ಎಷ್ಟು ಅಗ್ಗವಾಯಿತೆಂದರೆ ಮೇಪಲ್ ಸಕ್ಕರೆಯನ್ನು ಕೇಳುವವರು ಕಡಿಮೆಯಾದರು. ಸಕ್ಕರೆಯ ಜಾಗ ಬಿಟ್ಟುಕೊಟ್ಟು ಅದು ಡಬ್ಬಿಯೊಳಗಿನ ಸಿರಪ್ ಆಯಿತು, ವಿಶೇಷ ತಿಂಡಿಗೆ ಹಾಕಿಕೊಳ್ಳುವ ದುಬಾರಿ ಪದಾರ್ಥ.

ಹಾಗಂತ ರಶ್‌ನ ಕನಸು ಪೂರ್ತಿ ಸತ್ತಿಲ್ಲ. 1932ರಲ್ಲಿ ಹೆಲೆನ್ ಮತ್ತು ಸ್ಕಾಟ್ ನಿಯರಿಂಗ್ ದಂಪತಿ ನ್ಯೂಯಾರ್ಕ್ ಬಿಟ್ಟು ವರ್ಮಾಂಟ್ ಹಳ್ಳಿಗೆ ಹೋಗಿ, ಸಿರಪ್ ಮಾಡಿ ಬದುಕಿ, 1950ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಇವತ್ತು ಮಾರುಕಟ್ಟೆಯ ಬಹುಪಾಲು ಸಿರಪ್ ಬರೋದು ಕೆನಡಾದ ಕ್ವಿಬೆಕ್‌ನಿಂದ, ಮರದಿಂದ ಮರಕ್ಕೆ ಪ್ಲಾಸ್ಟಿಕ್ ಪೈಪ್ ಎಳೆದ ದೊಡ್ಡ ತೋಪುಗಳಿಂದ. ಆದರೂ ನಮ್ಮಣ್ಣನಂಥವರು ಹಿತ್ತಿಲಲ್ಲಿ ಬಕೆಟ್ ನೇತುಹಾಕುತ್ತಾರೆ. ಒಂದು ಕುಟುಂಬ ತನ್ನ ಸಿಹಿ ತಾನೇ ಮಾಡಿಕೊಳ್ಳೋದು ಅಂದರೆ ಇದೇ ಅಲ್ವಾ? ವ್ಯಾಪಾರಕ್ಕೆ ಗಿಟ್ಟದ ಕೆಲಸ ಹವ್ಯಾಸವಾಗಿ ಉಳಿದಿದೆ.

ಕಳೆದ ಸಲ ಊರಿಗೆ ಬಂದಾಗ ಅಣ್ಣ ಕಾಲು ಲೀಟರಿನ ಒಂದು ಬಾಟಲಿ ತಂದಿದ್ದ. ಅಮ್ಮ ಜೋನಿಬೆಲ್ಲದ ಬದಲು ಅದನ್ನೇ ದೋಸೆಗೆ ಹಾಕಿಕೊಂಡು, "ಹೊಗೆ ವಾಸನೆ ಇದೆ ಕಣೋ, ಆದ್ರೂ ಚೆನ್ನಾಗಿದೆ" ಅಂದರು. ಅಡುಗೆಮನೆಯ ಡಬ್ಬದಲ್ಲಿರುವ ಸಕ್ಕರೆಗೆ ಕಬ್ಬು ಕಡಿದವರು ಯಾರು, ಅವರಿಗೆ ಎಷ್ಟು ಕೂಲಿ ಸಿಕ್ಕಿತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆ ಬಾಟಲಿಯದ್ದು ಮಾತ್ರ ಗೊತ್ತು: 10 ಲೀಟರ್ ರಸ, ಒಂದು ಭಾನುವಾರ, ಅಣ್ಣ.