ಮರಳಿ ಬಂದ ವೀರರು

ನಮ್ಮ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಳೆಯ ಗುಡಿಗಳ ಬಳಿ ವೀರಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಮಡಿದವರ ನೆನಪು ಅದು. ಆದರೆ ಅದೇ ಕಾಳಗದಲ್ಲಿ ಕೈಯೋ ಕಾಲೋ ಊನವಾಗಿ ಮನೆಗೆ ಮರಳಿದವನ ಗತಿ ಏನಾಯಿತು? ಕಲ್ಲುಗಳು ಅದನ್ನು ಹೇಳುವುದಿಲ್ಲ. ಉರ್ದುವಿನಲ್ಲಿ ಮಡಿದವನಿಗೆ 'ಶಹೀದ್' ಎಂಬಂತೆ, ಹೋರಾಡಿ ಜೀವಂತ ಮರಳಿದವನಿಗೆ 'ಗಾಜಿ' ಎಂಬ ಬೇರೆ ಪದವೇ ಇದೆ. ಮರಳಿದವನ ಹೋರಾಟವೂ ಚಿಕ್ಕದಲ್ಲ ಎಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ.

1999ರ ಕಾರ್ಗಿಲ್ ಯುದ್ಧದಲ್ಲಿ 527 ಭಾರತೀಯ ಯೋಧರು ಪ್ರಾಣ ತೆತ್ತರು. ಗಾಯಗೊಂಡವರು 1,300ಕ್ಕೂ ಹೆಚ್ಚು. ಆ ಗಾಯಾಳುಗಳಲ್ಲಿ ಒಬ್ಬರು ಕನ್ನಡಿಗರಾದ ಕ್ಯಾಪ್ಟನ್ ನವೀನ್ ನಾಗಪ್ಪ. 13ನೇ ಜಮ್ಮು ಮತ್ತು ಕಾಶ್ಮೀರ ರೈಫಲ್ಸ್‌ನ ಈ ತರುಣ ಅಧಿಕಾರಿ ಜುಲೈ ಮೊದಲ ವಾರ ಪಾಯಿಂಟ್ 4875 ಶಿಖರದ ಕಾಳಗದಲ್ಲಿದ್ದರು. ಅಲ್ಲಿ ನಡೆದ ಸ್ಫೋಟದಲ್ಲಿ ಅವರ ಎರಡೂ ಕಾಲುಗಳಿಗೆ ತೀವ್ರ ಪೆಟ್ಟಾಯಿತು. ಅದೇ ಶಿಖರದಲ್ಲಿ, ಅದೇ ಪಡೆಯ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಜುಲೈ 7ರಂದು ಹುತಾತ್ಮರಾದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ನಾಗಪ್ಪ ಅವರ ಶೌರ್ಯಕ್ಕೆ ಸೇನಾ ಪದಕ ದೊರೆಯಿತು.

ಪದಕ ಬಂತು, ಆದರೆ ಸೈನ್ಯದಲ್ಲಿ ಮುಂದುವರಿಯಲು ಕಾಲುಗಳು ಬಿಡಲಿಲ್ಲ. ಸುಮಾರು 21 ತಿಂಗಳು ಆಸ್ಪತ್ರೆ, ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಇಷ್ಟಾದ ಮೇಲೆ ಅವರು ಕೈಗೆತ್ತಿಕೊಂಡದ್ದು ಪುಸ್ತಕ. ಭಾರತೀಯ ಎಂಜಿನಿಯರಿಂಗ್ ಸೇವಾ ಪರೀಕ್ಷೆ ಪಾಸು ಮಾಡಿ, ಸೇನೆಗೆ ಕಟ್ಟಡ, ನೀರು, ವಿದ್ಯುತ್ ಒದಗಿಸುವ ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಸೇರಿದರು. ಹೀಗೆ ಸೇನೆಯ ಸೇವೆಗೆ ಇನ್ನೊಂದು ಬಾಗಿಲಿನಿಂದ ಬಂದರು.

ಅವರಿಗಿಂತ ಮುಂಚೆ ಇಂಥ ದಾರಿ ತುಳಿದವರು ಇಯಾನ್ ಕಾರ್ಡೋಜೋ. 1971ರ ಯುದ್ಧದಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ, ನೆಲಬಾಂಬ್ ಸಿಡಿದು ಅವರ ಕಾಲು ಛಿದ್ರವಾಯಿತು. ಸಾಧನ ಸಾಮಗ್ರಿ ಇಲ್ಲದ ಆ ಹೊತ್ತಿನಲ್ಲಿ ತಮ್ಮ ಖುಕ್ರಿಯಿಂದಲೇ ಅದನ್ನು ಕತ್ತರಿಸಿಕೊಂಡರು. ಮುಂದೆ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಸೆರೆಸಿಕ್ಕಿದ್ದ ಪಾಕಿಸ್ತಾನಿ ಸೇನಾ ವೈದ್ಯ ಮೇಜರ್ ಮುಹಮ್ಮದ್ ಬಶೀರ್. ಶತ್ರುವಿನ ಕೈಯೇ ಪ್ರಾಣ ಉಳಿಸಿತು! ಕೃತಕ ಕಾಲಿನಿಂದಲೇ ಅವರು ಭಾರತದಲ್ಲಿ ಪದಾತಿ ದಳದ ಬೆಟಾಲಿಯನ್ ಮುನ್ನಡೆಸಿದ ಮೊದಲ ಅಂಗವಿಕಲ ಅಧಿಕಾರಿಯಾದರು. ಮೇಜರ್ ಜನರಲ್ ಹುದ್ದೆಗೇರಿದರು.

ಪಾಲಕರೇ, ಈ ಇತಿಹಾಸ ನಮ್ಮ ಮನೆಗೂ ಸಂಬಂಧಿಸಿದ್ದು. ಕಾಲು ಸರಿಯಿಲ್ಲ, ಕಣ್ಣು ಕಾಣದು ಎಂದು ಮಕ್ಕಳನ್ನು ಶಾಲೆ ಬಿಡಿಸುವುದನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಬಿಡಿಸುವುದನ್ನು, ಶಿಕ್ಷಕನಾಗಿ ಕಂಡಿದ್ದೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಸರ್ಕಾರಿ ನೌಕರಿಯಲ್ಲಿ ಶೇಕಡಾ 4ರಷ್ಟು ಮೀಸಲಾತಿಯನ್ನೂ ಇಟ್ಟಿದೆ. ಕಾನೂನು ಬಾಗಿಲು ತೆರೆದಿದೆ. ಮಗುವನ್ನು ಆ ಬಾಗಿಲವರೆಗೆ ಕರೆತರುವವರು ನಾವೇ. ನಾಗಪ್ಪ ಅವರನ್ನು ಮತ್ತೆ ನಿಲ್ಲಿಸಿದ್ದು ಅವರ ಹಿಮ್ಮತ್ತು ಮತ್ತು ಓದು. ಇವೆರಡನ್ನೂ ನಮ್ಮ ಮಕ್ಕಳಿಗೆ ಕೊಡೋಣ.