ಪೇಟೆ, ದಂಡು ಮತ್ತು ನೀರು

ಬೆಂಗಳೂರಿಗೆ ಪುರಸಭೆ ಬಂದದ್ದು 1862ರಲ್ಲಿ. ಅದೂ ಎರಡಾಗಿ, ಪೇಟೆಗೊಂದು, ದಂಡಿಗೊಂದು. ಪೇಟೆಯವರು ಧರ್ಮಾಂಬುಧಿ ಕೆರೆಯನ್ನು ನಂಬಿದ್ದರು (ಇಂದು ಅಲ್ಲಿ ಬಸ್ಸುಗಳು ನಿಲ್ಲುತ್ತವೆ), ದಂಡಿನವರು ಹಲಸೂರು ಕೆರೆಯನ್ನು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರಲ್ಲಿಯೇ ಉಳಿದು, ಒಂದೇ ಊರಿನ ನಡುವೆ ಎರಡು ಪ್ರಭುತ್ವಗಳ ಗಡಿ ಬಿದ್ದಿತು.

ಊರು ಬೆಳೆದಂತೆ ಕೆರೆಗಳು ಸಾಲದಾದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರ ಹೊತ್ತಿಗೆ, ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರನ್ನು ಸೋಲದೇವನಹಳ್ಳಿಯ ಉಗಿಯಂತ್ರಗಳು ಮೇಲೆತ್ತಿದಾಗ, ಅದು ಗಡಿಯನ್ನು ಲೆಕ್ಕಿಸದೆ ಎರಡೂ ಕಡೆಗೆ ಹರಿಯಿತು. ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕೊಳವೆಗಳು ಕೂಡಿಸಿದ್ದ ಊರನ್ನು ಕಾಯಿದೆ ಕೂಡಿಸಲು ಅರ್ಧ ಶತಮಾನವೇ ಹಿಡಿಯಿತೆನ್ನಬೇಕು.

ನಮ್ಮ ಕಾಲದಲ್ಲಿ ಈ ಕ್ರಮ ತಿರುವುಮುರುವಾಯಿತು. 2007ರಲ್ಲಿ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಹಳ್ಳಿಗಳು ಒಂದೇ ಆಜ್ಞೆಯಿಂದ ನಗರವಾದವು. ಅವುಗಳಿಗೆಂದು ಯೋಜಿಸಿದ ಕಾವೇರಿ ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರಿನಲ್ಲಿ. ಕೊಳವೆ ಎಲ್ಲ ಮನೆಗಳನ್ನು ಮುಟ್ಟುವ ಮೊದಲೇ, 2025ರಲ್ಲಿ, ಪಾಲಿಕೆಯನ್ನು ಐದಾಗಿ ವಿಂಗಡಿಸಲಾಯಿತು.