ಬಲ್ಮಠದ ಸಂಸಾರ, ಬಾಸೆಲಿನ ಮಕ್ಕಳ ಮನೆ

ಬಾಸೆಲ್ ಮಿಷನ್ನಿನ ಹೆಸರೆತ್ತಿದರೆ ಕನ್ನಡಿಗರ ಬಾಯಲ್ಲಿ ಬರುವ ಪಟ್ಟಿ ಹೆಚ್ಚುಕಡಿಮೆ ಒಂದೇ: 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು, ಮಂಗಳೂರಿನ ಬಲ್ಮಠದ ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ. ಎಲ್ಲವೂ ಗಂಡಸರು ಮಾಡಿದ ಕೆಲಸ, ಎಲ್ಲಕ್ಕೂ ಒಂದೊಂದು ಇಸವಿ ಉಂಟು. ಈ ಗಂಡಸರಿಗೂ ಮನೆಯಿತ್ತು, ಹೆಂಡಿರು ಮಕ್ಕಳಿದ್ದರು ಎಂಬ ವಿಷಯ ಮಾತ್ರ ಅಡಿಟಿಪ್ಪಣಿಯಲ್ಲೇ ಮುಗಿದುಹೋಗುತ್ತದೆ. ಸಂಸಾರ ಅವರವರ ಖಾಸಗಿ ಸಂಗತಿ, ಚರಿತ್ರೆಗೆ ಅದರಲ್ಲೇನು ಕೆಲಸ ಎಂಬ ಭಾವನೆ ಇದರ ಹಿಂದಿದೆ. ಮಿಷನ್ನಿನ ಸ್ವಂತ ದಾಖಲೆಗಳೇ ಈ ಭಾವನೆಯನ್ನು ಸುಳ್ಳು ಮಾಡುತ್ತವೆ. ಯಾವಾಗ ಮದುವೆ, ಯಾರೊಂದಿಗೆ ಮದುವೆ, ಹುಟ್ಟಿದ ಮಕ್ಕಳು ಎಷ್ಟು ವರ್ಷ ತಾಯಿಯ ಬಳಿ ಇರಬಹುದು ಎಂಬುದನ್ನೆಲ್ಲ ಸಾವಿರಾರು ಮೈಲಿ ದೂರದ ಬಾಸೆಲ್ ನಗರದಲ್ಲಿ ಕೂತ ಸಮಿತಿ ತೀರ್ಮಾನಿಸುತ್ತಿತ್ತು. ಪರದೇಶದಲ್ಲಿ ದುಡಿಯುವವರ ಮನೆಯೊಳಗಿನ ಬದುಕನ್ನು ಕೆಲಸಕ್ಕೆ ಕಳಿಸಿದವರ ನಿಯಮಗಳೇ ಕಟ್ಟುತ್ತವೆ. ಅದರ ಬೆಲೆಯನ್ನು ಹೆಚ್ಚಾಗಿ ತೆರುವವರು ಹೆಂಗಸರು ಮತ್ತು ಮಕ್ಕಳು. ಇದು ನನ್ನ ವಾದ. ಇದಕ್ಕೆ ಕರಾವಳಿಯ ಈ ಜರ್ಮನ್ ಸಂಸಾರಗಳಿಗಿಂತ ಸ್ಪಷ್ಟ ಸಾಕ್ಷ್ಯ ಸಿಗುವುದು ಕಷ್ಟ.

1833ರ ಚಾರ್ಟರ್ ಕಾಯ್ದೆ ಬ್ರಿಟಿಷೇತರ ಮಿಷನರಿಗಳಿಗೂ ಕಂಪನಿ ಸರ್ಕಾರದ ಸೀಮೆಯನ್ನು ತೆರೆದುಕೊಟ್ಟಿತು. ಮರುವರ್ಷ, 1834ರ ಅಕ್ಟೋಬರ್ ಕೊನೆಗೆ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮುಂದಿನ ಎರಡು ದಶಕಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿ, ಮೂಲ್ಕಿ, ಗುಳೇದಗುಡ್ಡ, ಮಡಿಕೇರಿ, ಉಡುಪಿಗಳಲ್ಲಿ ಠಾಣ್ಯಗಳೆದ್ದವು. ಬಂದವರಲ್ಲಿ ಬಹುಪಾಲು ಜನ ನೈರುತ್ಯ ಜರ್ಮನಿಯ ವುರ್ಟೆಂಬರ್ಗಿನ ಹಳ್ಳಿ, ಸಣ್ಣ ಊರುಗಳ ಯುವಕರು. ಅವರು ಬ್ರಹ್ಮಚಾರಿಗಳಾಗಿಯೇ ಹಡಗು ಹತ್ತಬೇಕಿತ್ತು. ಎರಡು ವರ್ಷ ಸೇವೆ ಮಾಡಿ, ಸ್ಥಳೀಯ ಭಾಷೆ ಕಲಿತು, ಮೈಗೆ ಹವೆ ಒಗ್ಗಿದ ಮೇಲೆ ಮದುವೆಗೆ ಅನುಮತಿ ಕೇಳಿ ಸಮಿತಿಗೆ ಅರ್ಜಿ ಬರೆಯಬಹುದಿತ್ತು. ಹುಡುಗನ ಮನಸ್ಸಿನಲ್ಲಿ ಒಬ್ಬಳಿದ್ದರೆ ಆಕೆಯ ನಡತೆ, ಭಕ್ತಿ, ಆರೋಗ್ಯಗಳ ವಿಚಾರಣೆಯಾಗುತ್ತಿತ್ತು. ಯಾರೂ ಇಲ್ಲದಿದ್ದರೆ ಸಮಿತಿಯೇ ಹೆಣ್ಣು ಹುಡುಕುತ್ತಿತ್ತು. ಹೀಗೆ ಗೊತ್ತಾದ ಎಷ್ಟೋ ಹೆಣ್ಣುಮಕ್ಕಳು ಮುಖಪರಿಚಯವೂ ಇಲ್ಲದವನನ್ನು ಮದುವೆಯಾಗಲು ಒಂಟಿಯಾಗಿ ಸಮುದ್ರ ದಾಟಿ ಬಂದರು. ಗೊತ್ತುಮಾಡಿದ ಮದುವೆ ನಮ್ಮ ನಾಡಿನದೇ ಸೊತ್ತೆಂದು ನಂಬಿದವರು ಈ ಕಡತಗಳನ್ನು ಗಮನಿಸಬೇಕು. ಜಾತಕದ ಜಾಗದಲ್ಲಿ ಪಾದ್ರಿಯ ಶಿಫಾರಸು ಪತ್ರವಿತ್ತು, ಹಿರಿಯರ ಜಾಗದಲ್ಲಿ ಸಮಿತಿಯಿತ್ತು. ಹೆಬಿಕ್ ಕೊನೆಯವರೆಗೂ ಮದುವೆಯಾಗಲಿಲ್ಲ. ‘ಮಂಗಳೂರ ಸಮಾಚಾರ’ದ ಹರ್ಮನ್ ಮೊಗ್ಲಿಂಗ್ ನಲವತ್ತು ದಾಟಿದ ಮೇಲೆ, 1855ರಲ್ಲಿ ತೀರಿಕೊಂಡ ತನ್ನ ನೆಂಟ ಹಾಗೂ ಸಹೋದ್ಯೋಗಿ ವೈಗ್ಲೆಯ ವಿಧವೆ ಪೌಲಿನಳನ್ನು ಕೈಹಿಡಿದರು.

ಬಂದ ಹೆಂಡತಿ ಕೇವಲ ಹೆಂಡತಿಯಾಗಿ ಉಳಿಯುವಂತಿರಲಿಲ್ಲ. ಹೆಣ್ಣುಮಕ್ಕಳ ಶಾಲೆ, ಹೊಲಿಗೆ ತರಗತಿ, ಅನಾಥ ಹುಡುಗಿಯರ ವಸತಿ, ಕಾಯಿಲೆ ಬಿದ್ದವರಿಗೆ ಮದ್ದು ಕೊಡುವುದು, ಬಂದುಹೋಗುವ ಮಿಷನರಿಗಳಿಗೆ ಊಟ ಉಪಚಾರ, ಎಲ್ಲ ಆಕೆಯ ಪಾಲಿಗೆ ಬರುತ್ತಿತ್ತು. ತಲಶ್ಶೇರಿಯಲ್ಲಿ ಹರ್ಮನ್ ಗುಂಡರ್ಟರ ಹೆಂಡತಿ ಜೂಲಿ ನಡೆಸಿದ ಹೆಣ್ಣುಮಕ್ಕಳ ಶಾಲೆ ಗಂಡನ ಮಲಯಾಳ ನಿಘಂಟಿನಷ್ಟೇ ಗಟ್ಟಿ ಕೆಲಸ. ಆದರೆ ಮಿಷನರಿಯೆಂದು ಹೆಸರು ಗಂಡನದು, ಸಂಸ್ಥೆ ಕೊಡುವ ನಿರ್ವಹಣಾ ವೆಚ್ಚವೂ ಗಂಡನ ಲೆಕ್ಕದಲ್ಲಿ. ಹೀಗೆ ದಿನವಿಡೀ ದುಡಿಯುವ ತಾಯಿಯ ಮಕ್ಕಳು ಬೆಳೆದದ್ದು ಆಯಾಗಳ ಸೊಂಟದ ಮೇಲೆ. ಊಟದ ಮೇಜಿನಲ್ಲಿ ಜರ್ಮನ್ ಇದ್ದರೆ ಅಡುಗೆಮನೆ, ಹಿತ್ತಿಲು, ಬಾವಿಕಟ್ಟೆಗಳಲ್ಲಿ ತುಳು, ಕನ್ನಡ, ಕೊಂಕಣಿ. ತಲಶ್ಶೇರಿ, ಕಣ್ಣೂರಿನ ಕಡೆ ಮಲಯಾಳ. ಅಪ್ಪ ಮುನ್ಷಿಯನ್ನಿಟ್ಟುಕೊಂಡು ವರ್ಷಗಟ್ಟಲೆ ಹೆಣಗಿ ಕಲಿತ ಭಾಷೆಯನ್ನು ಮಗು ನಡೆಯಲು ಕಲಿಯುವ ಹೊತ್ತಿಗೇ ಆಡುತ್ತಿತ್ತು. ದೇಶಭಾಷೆ ಬಲ್ಲವರನ್ನು ತಯಾರು ಮಾಡಲು ಅಷ್ಟು ಖರ್ಚು ಮಾಡುತ್ತಿದ್ದ ಸಂಸ್ಥೆಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು. ಆದದ್ದು ಬೇರೆ.

1850ರಲ್ಲಿ ಮಿಷನ್ನಿನ ಮುಖ್ಯಸ್ಥನಾದ ಜೋಸೆಫ್ ಯೋಸೆನ್ಹಾನ್ಸ್ 1851–52ರಲ್ಲಿ ಭಾರತದ ಠಾಣ್ಯಗಳನ್ನೆಲ್ಲ ಸುತ್ತಿ ನೋಡಿ ಹೋದ. ಮರುವರ್ಷವೇ, 1853ರಲ್ಲಿ, ಮಕ್ಕಳ ಕುರಿತ ನಿಯಮ ಜಾರಿಗೆ ಬಂತು: ಶಾಲೆಯ ವಯಸ್ಸಿಗೆ ಬಂದ ಮಿಷನರಿ ಮಕ್ಕಳನ್ನು ಯುರೋಪಿಗೆ ಕಳಿಸಬೇಕು. ಅವರಿಗೆಂದೇ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆಯಿತು. ಕೊಟ್ಟ ಕಾರಣಗಳು ಮೂರು: ಹವೆ, ಶಿಕ್ಷಣ, ಸುತ್ತಲಿನ ‘ಅನ್ಯಧರ್ಮೀಯ’ ಸಮಾಜದ ಪ್ರಭಾವ. ನಿಯಮ ಕಾಗದದ ಮೇಲೆ ಒಂದು ಸಾಲು. ದಾರಿಯ ಮೇಲೆ ಅದು ತಿಂಗಳುಗಳ ಮಾತು. ಆಗಿನ ಮಂಗಳೂರಿಗೆ ಆಳದ ಬಂದರಿರಲಿಲ್ಲ, ಮಳೆಗಾಲದಲ್ಲಿ ಅಳಿವೆ ದಾಟುವ ಹಾಗೂ ಇರಲಿಲ್ಲ. ಮಳೆ ನಿಂತ ಮೇಲೆ ಕರಾವಳಿಯ ಹಡಗು ಹಿಡಿದು ಮುಂಬಯಿ, ಅಲ್ಲಿಂದ ಸೂಯೆಜ್, ಕಾಲುವೆ ತೆರೆದ 1869ಕ್ಕೆ ಮುಂಚೆಯಾದರೆ ಅಲ್ಲಿ ಇಳಿದು ನೆಲದ ಮೇಲೆ ಈಜಿಪ್ಟ್ ದಾಟಿ ಅಲೆಕ್ಸಾಂಡ್ರಿಯದಲ್ಲಿ ಮತ್ತೊಂದು ಹಡಗು. ಆರೇಳು ವರ್ಷದ ಮಗು ಈ ದಾರಿಯನ್ನು ಊರಿಗೆ ಮರಳುವ ಬೇರೊಂದು ಮಿಷನರಿ ಕುಟುಂಬದ ಜೊತೆಗೆ ಹೋಗಬೇಕಾಗುತ್ತಿತ್ತು. ಆಮೇಲೆ ಉಳಿಯುತ್ತಿದ್ದದ್ದು ಕಾಗದ. ಮಗುವಿಗೆ ಜ್ವರ ಬಂದ ಸುದ್ದಿ ಬಲ್ಮಠ ತಲುಪುವಷ್ಟರಲ್ಲಿ ಅಲ್ಲಿ ಜ್ವರ ಬಿಟ್ಟಿರುತ್ತಿತ್ತು, ಇಲ್ಲವೇ ಆಗಬಾರದ್ದು ಆಗಿಹೋಗಿರುತ್ತಿತ್ತು.

ನಿಯಮಕ್ಕೂ ಮೊದಲೇ ಈ ರೂಢಿ ಬೇರುಬಿಟ್ಟಿತ್ತು ಎಂಬುದಕ್ಕೆ ಗುಂಡರ್ಟ್ ಕುಟುಂಬವೇ ಸಾಕ್ಷಿ. ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಆಕೆ ಇನ್ನೂ ತೀರ ಚಿಕ್ಕವಳಿದ್ದಾಗ ಅಪ್ಪ ಅಮ್ಮ ಯುರೋಪಿಗೆ ರಜೆಯ ಮೇಲೆ ಹೋಗಿ, ಮಕ್ಕಳನ್ನು ಅಲ್ಲಿ ಬಿಟ್ಟು ಮರಳಿದರು. ಮಗಳು ಮತ್ತೆ ಮಲಬಾರಿನ ನೆಲ ತುಳಿದದ್ದು 1857ರಲ್ಲಿ, ಹದಿನೈದರ ಹೊಸ್ತಿಲಲ್ಲಿ. ಆ ಪ್ರಯಾಣದಲ್ಲಿ ಪರಿಚಯವಾದ ಒಬ್ಬ ಇಂಗ್ಲಿಷ್ ಯುವಕನಿಗೆ ಆಕೆ ಮನಸೋತಿದ್ದಳು, ತಂದೆ ಒಪ್ಪಲಿಲ್ಲ. ಆ ವಯಸ್ಸಿನ ಮಗಳಿಗೆ ಯಾವ ತಂದೆಯಾದರೂ ಬೇಡವೆನ್ನಬಹುದು. ಆದರೆ ಇಲ್ಲಿ ಬೇಡವೆಂದ ತಂದೆಗೆ ಆ ಮಗಳು ಹತ್ತು ವರ್ಷ ಕಾಗದದಲ್ಲಷ್ಟೇ ಪರಿಚಯವಿದ್ದವಳು. ಮೇರಿ ಮುಂದೆ ಮಿಷನರಿಯೊಬ್ಬನನ್ನೇ ಮದುವೆಯಾಗಿ, ವಿಧವೆಯಾಗಿ, ಭಾರತದಲ್ಲಿ ಸ್ವಲ್ಪ ಕಾಲ ಸೇವೆ ಮಾಡಿ ಹಿಂದಿರುಗಿದ್ದ ಯೊಹಾನೆಸ್ ಹೆಸ್ಸೆಯನ್ನು 1874ರಲ್ಲಿ ಮರುಮದುವೆಯಾದಳು. ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಹೆತ್ತವರು ಬಾಸೆಲಿನಲ್ಲೇ ಇದ್ದರೂ ಆ ಹುಡುಗನೂ ಕೆಲ ತಿಂಗಳು ಮಿಷನ್ನಿನ ಹುಡುಗರ ಮನೆಯಲ್ಲಿ ಕಳೆಯಬೇಕಾಯಿತು. ಸಮುದ್ರದ ದೂರಕ್ಕೆ ಪರಿಹಾರವಾಗಿ ಹುಟ್ಟಿದ ಏರ್ಪಾಡು ದೂರವೇ ಇಲ್ಲದ ಕಡೆಯೂ ಮಕ್ಕಳನ್ನು ಸಾಕುವ ರೀತಿಯಾಗಿ ನಿಂತುಬಿಟ್ಟಿತ್ತು.

ನನ್ನ ವಾದಕ್ಕೆ ಮೊದಲ ಆಕ್ಷೇಪ ಹವೆಯದು. ಜ್ವರ, ಆಮಶಂಕೆ, ಕಾಲರಾಗಳ ಕಾಲದಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವುದೇ ಉದ್ದೇಶವಾಗಿತ್ತಲ್ಲವೇ ಎಂದು ಕೇಳಬಹುದು. ಸಾವು ನಿಜವಾದದ್ದೇ, ಕರಾವಳಿಯ ಮಿಷನ್ ಸ್ಮಶಾನಗಳಲ್ಲಿ ಮಕ್ಕಳ ಸಮಾಧಿಗಳಿಗೆ ಕೊರತೆಯಿರಲಿಲ್ಲ. ಆದರೆ ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದದ್ದು ಮೊದಲ ಕೆಲವು ವರ್ಷಗಳಲ್ಲಿ. ಆ ವರ್ಷಗಳನ್ನು ಅವರು ಇಲ್ಲೇ ಕಳೆಯುತ್ತಿದ್ದರು. ನಿಯಮ ಅವರನ್ನು ಕಳಿಸುತ್ತಿದ್ದದ್ದು ಗಂಡಾಂತರ ದಾಟಿ ಗಟ್ಟಿಯಾದ ಮೇಲೆ. ಆರೋಗ್ಯವೊಂದೇ ಕಾರಣವಾಗಿದ್ದರೆ ನೀಲಗಿರಿಯಿತ್ತು. ಅಲ್ಲಿನ ಕೇತಿಯಲ್ಲಿ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ ತನ್ನ ಆಸ್ತಿಯನ್ನು ಬಾಸೆಲ್ ಮಿಷನ್ನಿಗೇ ಬಿಟ್ಟು 1849ರಲ್ಲಿ ತೀರಿಕೊಂಡಿದ್ದ. ದಣಿದ ಮಿಷನರಿಗಳು ಸುಧಾರಿಸಿಕೊಳ್ಳಲು ಹೋಗುತ್ತಿದ್ದದ್ದೂ ಅಲ್ಲಿಗೇ. ಬೆಟ್ಟದ ಮೇಲೆ ಮಿಷನರಿ ಮಕ್ಕಳ ಶಾಲೆ ನಡೆಸಬಹುದೆಂದು 1901ರಲ್ಲಿ ಅಮೆರಿಕನ್ ಮಿಷನರಿಗಳು ಕೊಡೈಕನಾಲಿನಲ್ಲಿ ಮಾಡಿ ತೋರಿಸಿದರು. ಹಾಗಾಗಿ ಮೂರು ಕಾರಣಗಳಲ್ಲಿ ನಿಜವಾಗಿ ತೂಗಿದ್ದು ಮೂರನೆಯದು. ಆಯಾಳ ಭಾಷೆ ಆಡುವ, ಆಯಾಳ ಕಥೆ ಕೇಳುವ ಮಗು ಜರ್ಮನ್ ಆಗಿ ಉಳಿಯದೆ ಹೋದೀತೆಂಬ ಹೆದರಿಕೆ ಅದು.

ಎರಡನೆಯ ಆಕ್ಷೇಪ: ಇದು ಬಾಸೆಲಿನದೊಂದೇ ಅಲ್ಲ, ಭಾರತದಲ್ಲಿದ್ದ ಯುರೋಪಿಯನ್ನರೆಲ್ಲರ ಪದ್ಧತಿ. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಡ್‌ಯಾರ್ಡ್ ಕಿಪ್ಲಿಂಗ್‌ನನ್ನು 1871ರಲ್ಲಿ ತಂಗಿಯ ಜೊತೆ ಇಂಗ್ಲೆಂಡಿನ ಅಪರಿಚಿತರ ಮನೆಯಲ್ಲಿ ಬಿಟ್ಟಿದ್ದರು, ಆ ವರ್ಷಗಳ ಕಹಿಯನ್ನು ಆತ ಮುಂದೆ ಕಥೆಯಾಗಿ ಬರೆದ. ಈ ಹೋಲಿಕೆ ಸರಿ. ಆದರೆ ಬ್ರಿಟಿಷರಲ್ಲಿ ಅದು ಅಂತಸ್ತಿನ ಲೆಕ್ಕಾಚಾರವಾಗಿತ್ತು. ಸಾಮಾನ್ಯ ಸಿಪಾಯಿಯ ಮಕ್ಕಳು ಇಲ್ಲೇ ಬೆಳೆದರು. ಅವರಿಗಾಗಿ ಸನಾವರದಲ್ಲಿ 1847ರಲ್ಲಿ, ನೀಲಗಿರಿಯಲ್ಲಿ 1858ರಲ್ಲಿ ಲಾರೆನ್ಸ್ ಆಶ್ರಮಗಳು ಹುಟ್ಟಿದವು. 1865ರಲ್ಲಿ ಬೆಂಗಳೂರಿನಲ್ಲಿ ಬಿಷಪ್ ಕಾಟನ್ ಶಾಲೆ ತೆರೆದಾಗ ಇಲ್ಲೇ ಓದಿಸುವ ದಾರಿ ಇನ್ನಷ್ಟು ಅಗಲವಾಯಿತು. ಕಳಿಸುವುದೋ ಇಟ್ಟುಕೊಳ್ಳುವುದೋ ಎಂದು ಬ್ರಿಟಿಷ್ ಅಧಿಕಾರಿ ತನ್ನ ಕಿಸೆ ನೋಡಿಕೊಂಡು ನಿರ್ಧರಿಸಬಹುದಿತ್ತು. ಬಾಸೆಲಿನ ಮಿಷನರಿಗೆ ಆ ನಿರ್ಧಾರ ಕೈಯಲ್ಲಿರಲಿಲ್ಲ. ಸಮಾಜದ ರೂಢಿಯನ್ನು ಮೀರುವವನು ನಾಲ್ಕು ಮಾತು ಕೇಳಬೇಕಾದೀತು, ಅನ್ನ ಕೊಡುವ ಸಂಸ್ಥೆಯ ನಿಯಮ ಮೀರುವವನು ಕೆಲಸವನ್ನೇ ಬಿಡಬೇಕು.

ಮೂರನೆಯದು ಹೆಚ್ಚು ಗಂಭೀರ. ಅವರು ನಂಬಿಕೆಗಾಗಿ ಒಪ್ಪಿ ಮಾಡಿದ ತ್ಯಾಗವನ್ನು ಇಂದಿನ ಕಣ್ಣಿನಿಂದ ಅಳೆಯುವುದು ಸರಿಯೇ? ಮೇಲಾಗಿ, ಆಳುವವರ ಬಣ್ಣದ, ಬಂಗಲೆಯಲ್ಲಿದ್ದ ಜನರ ಬಗ್ಗೆ ಇಷ್ಟು ಮರುಕವೇಕೆ? ನಂಬಿಕೆ ನಿಜವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಜನ ತಾವಾಗಿಯೇ ಮಾಡುವ ಕೆಲಸಕ್ಕೆ ನಿಯಮ ಬೇಕಾಗುವುದಿಲ್ಲ. ನಿಯಮ ಬರೆಯಬೇಕಾಯಿತೆಂದರೆ ಮನಸ್ಸು ಹಿಂದೇಟು ಹಾಕುತ್ತಿತ್ತೆಂದೇ ಅರ್ಥ. ಮರುಕದ ಮಾತಿಗೆ ಬಂದರೆ, ಈ ಮನೆಗಳಲ್ಲಿ ಕಳೆದುಕೊಂಡವರು ಬಿಳಿಯರಷ್ಟೇ ಅಲ್ಲ. ಎತ್ತಿ ಆಡಿಸಿದ ಮಗುವನ್ನು ಒಂದು ದಿನ ಬಂದರಿಗೆ ಕಳಿಸಿಕೊಟ್ಟ ಆಯಾಗಳಿಗೆ ಯಾರ ಕಾಗದವೂ ಬರಲಿಲ್ಲ. 1844ರಲ್ಲಿ ಕ್ರೈಸ್ತನಾದ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಹುಟ್ಟಿದ ಮನೆಯಿಂದಲೇ ದೂರವಾಗಿ, ಮೊಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ, ದೀಕ್ಷೆ ಪಡೆದು 1851ರಲ್ಲಿ ಮರಳಿದ. ಮುಂದೆ ಜರ್ಮನ್ ಮಹಿಳೆಯೊಬ್ಬಳನ್ನು ಮದುವೆಯಾದ. ನಿಯಮ ಬರೆದ ಮೇಜಿನಿಂದ ದೂರವಿದ್ದಷ್ಟೂ ಕಳೆದುಕೊಂಡದ್ದು ಹೆಚ್ಚು, ದಾಖಲಾದದ್ದು ಕಡಿಮೆ. ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ.

ಈ ಬೆಲೆಯನ್ನು ಕನ್ನಡದ ಲೆಕ್ಕಕ್ಕೂ ಬರೆಯಬೇಕು. ಕಿಟೆಲ್ 1853ರಲ್ಲಿ ಬಂದು 1860ರಲ್ಲಿ ಪೌಲಿನ್ ಐತ್‌ಳನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡಳು. ತಾಯಿಯಿಲ್ಲದ ಮಕ್ಕಳ ಹೊಣೆ ಹೊತ್ತ ಕಿಟೆಲ್ ಮುಂದೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ನಿಘಂಟು ಅಚ್ಚಾಗುವ ವೇಳೆಗೆ ಅವರಿಗೆ ಅರವತ್ತು ದಾಟಿತ್ತು. ಒಂದು ಭಾಷೆಯ ಪದಗಳನ್ನು ಕೂಡಿಸುತ್ತ ಒಬ್ಬ ವಿದ್ವಾಂಸ ದಶಕಗಳನ್ನು ಕಳೆಯಬೇಕಾದರೆ ಮನೆಯನ್ನೂ ಮಕ್ಕಳನ್ನೂ ಬೇರೆ ಯಾರೋ ಹೊತ್ತಿರಬೇಕು. ಹಾಗೆ ಹೊತ್ತವರ ಹೆಸರು ನಿಘಂಟಿನ ಚರಿತ್ರೆಯ ಭಾಗವಾಗಲಿಲ್ಲ. 1914ರ ಯುದ್ಧ ಈ ಸಂಸಾರಗಳನ್ನು ಇನ್ನೊಂದು ಬಗೆಯಲ್ಲಿ ಒಡೆಯಿತು. ಯುದ್ಧಕ್ಕೆ ತಕ್ಕ ವಯಸ್ಸಿನ ಜರ್ಮನ್ ಗಂಡಸರನ್ನು ಬ್ರಿಟಿಷ್ ಸರ್ಕಾರ ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿತು. ಹೆಂಗಸರು ಮಕ್ಕಳನ್ನು 1915–16ರಲ್ಲಿ ‘ಗೋಲ್ಕೊಂಡ’ ಹಡಗಿನಲ್ಲಿ ಸಾಗಹಾಕಿತು. ಮಕ್ಕಳನ್ನು ಅಗಲಿಸುತ್ತಿದ್ದ ಅಧಿಕಾರ ಸಮಿತಿಯ ಕೈಯಿಂದ ಸರ್ಕಾರದ ಕೈಗೆ ಹೋಯಿತು. ಆಗಲೂ ಕುಟುಂಬದವರನ್ನು ಯಾರೂ ಕೇಳಲಿಲ್ಲ.

ಇಂದು ಕನ್ನಡದ ಸಂಸಾರಗಳೇ ಲೆಕ್ಕವಿಲ್ಲದಷ್ಟು ಪರದೇಶದಲ್ಲಿವೆ. ವಿಡಿಯೊ ಕರೆಯ ಕಾಲಕ್ಕೂ ಹಡಗಿನ ಟಪಾಲಿನ ಕಾಲಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ದೂರ ಕುಗ್ಗಿದೆ ನಿಜ, ನಿಯಮ ಕುಗ್ಗಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ ಎಂಬುದು ಅವನ ಸಂಬಳದ ಮಟ್ಟಕ್ಕೆ ಕಟ್ಟುಬಿದ್ದಿದೆ. ಅಮೆರಿಕದಲ್ಲಿ ಎಚ್-1ಬಿ ನೌಕರನ ಹೆಂಡತಿಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. 2015ರಿಂದ ಕೆಲವರಿಗೆ ಸಿಕ್ಕಿದೆ. ಅಪ್ಪನ ವೀಸಾದ ಆಸರೆಯಲ್ಲಿ ಅಲ್ಲೇ ಬೆಳೆದ ಮಗು 21 ತುಂಬಿದೊಡನೆ ಆ ಆಸರೆ ಕಳೆದುಕೊಳ್ಳುತ್ತದೆ. ಆದರೂ ಊರಿನಲ್ಲಿ ನಡೆಯುವ ಮಾತೆಲ್ಲ ವ್ಯಕ್ತಿಗಳ ಮೇಲೆ: ಆಕೆ ಓದಿ ಮನೆಯಲ್ಲಿ ಕೂತಳು, ಅವನು ದುಡ್ಡಿಗಾಗಿ ಸಂಸಾರ ಬಿಟ್ಟ, ಮಕ್ಕಳಿಗೆ ಕನ್ನಡ ಕಲಿಸಲಿಲ್ಲ. ಇದರಲ್ಲಿ ಅವರವರ ಪಾಲು ಇಲ್ಲವೆಂದಲ್ಲ. ಆದರೆ ಬಾಸೆಲಿನ ಸಮಿತಿ ತನ್ನ ನಿಯಮವನ್ನು ಬರೆದಿಟ್ಟಿದ್ದರಿಂದ ಆ ಮಕ್ಕಳ ಅಗಲಿಕೆಗೆ ಯಾರು ಹೊಣೆಯೆಂದು ಇಂದು ನಾವು ಬೆರಳಿಟ್ಟು ತೋರಿಸಬಹುದು. ಈಗಿನ ಸಂಸಾರಗಳ ವಿಷಯದಲ್ಲೂ ತೀರ್ಪು ಕೊಡುವ ಮೊದಲು ಸಂಬಳದ ಕರಾರು, ವೀಸಾದ ಷರತ್ತುಗಳನ್ನು ಓದುವುದು ನ್ಯಾಯ.